ಮಹಾಪ್ರಧಾನ ದಂಡನಾಯಕ ಗಂಗರಾಜ

ಉಡುಪಿಯಿಂದ ಕಾಪುವಿನತ್ತ ಸಾಗುವ ಹೆದ್ದಾರಿಯಲ್ಲಿ ಉದ್ಯಾವರವೆಂಬ ಊರು ಎದುರಾಗುತ್ತದೆ. ಪ್ರಾಚೀನ ಕಾಲದಲ್ಲಿ ಆಳುಪ ಅರಸರ ರಾಜಧಾನಿಯಾಗಿ ಮೆರೆದ ಈ ಊರಿನಲ್ಲಿ ಕ್ರಿ.ಶ. 8ನೆಯ ಶತಮಾನದ ಸುಮಾರಿನ ಶಾಸನಸಹಿತ ವೀರಗಲ್ಲುಗಳು ದೊರೆತಿವೆ. ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ ಮೊದಲಾದ ಅರಸರ ಹೆಸರುಗಳೊಡನೆ, ಅವರ ಪರವಾಗಿ ಕಾದಿ ಮಡಿದ ಭಟರ ಹೆಸರುಗಳನ್ನೂ ಆ ಕಲ್ಲುಗಳು ಉಳಿಸಿಕೊಂಡಿವೆ. ಅರಸನಿಗೆ ಸಿಂಹಾಸನ, ದಂಡನಾಯಕನಿಗೆ ಬಿರುದು, ಮಡಿದ ಬಂಟನಿಗೆ ಒಂದು ಕಲ್ಲು: ಹೀಗೆ ಫಲವು ಹಂಚಿಹೋಗುತ್ತಿದ್ದ ಕಾಲವದು. ಆ ಪರಂಪರೆಯಲ್ಲಿಯೇ ನಿಂತು, ತನಗೆ ದೊರೆತ ಪಾಲನ್ನು ತನ್ನದೆಂದು ಎಣಿಸದೆ ಬಾಳಿದ ಒಬ್ಬ ಸೇನಾಪತಿಯ ಚರಿತ್ರೆಯನ್ನು ಬಸದಿಯ ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. ಆತನೇ ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನನೂ ದಂಡನಾಯಕನೂ ಆಗಿದ್ದ ಗಂಗರಾಜ.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಬಾಹುಬಲಿಸ್ವಾಮಿಯ ದರ್ಶನ ಮಾಡದ ಶ್ರಾವಕರು ನಮ್ಮಲ್ಲಿ ವಿರಳ. ಆ ಮೂರ್ತಿಗೆ ಆದರ್ಶವಾದದ್ದು ಶ್ರವಣಬೆಳಗೊಳದ ಗೊಮ್ಮಟೇಶ್ವರ. ಬೆಳಗೊಳದ ಸ್ವಾಮಿಯ ಪಾದಗಳ ಇಕ್ಕೆಲದಲ್ಲಿರುವ ಕಿರುಶಾಸನಗಳು ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದೂ, ಸುತ್ತಾಲಯವನ್ನು ಮಾಡಿಸಿದವನು ಗಂಗರಾಜನೆಂದೂ ತಿಳಿಸುತ್ತವೆ. ಇಬ್ಬರೂ ದಂಡನಾಯಕರು. ಗಂಗರ ಸೇನೆಯನ್ನು ನಡೆಸಿದ ಚಾವುಂಡರಾಯನ ಕೀರ್ತಿ ಮನೆಮನೆಯ ಮಾತಾಗಿದೆ. ಸುಮಾರು ಒಂದೂಕಾಲು ಶತಮಾನದ ನಂತರ ಅದೇ ಹಾದಿಯಲ್ಲಿ ನಡೆದ ಗಂಗರಾಜನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

ಗಂಗರಾಜನ ತಂದೆ ಕೌಂಡಿನ್ಯ ಗೋತ್ರದ ಏಚ. ಪಂಡಿತರಿಗೆ ಆಪ್ತನಾಗಿದ್ದ ಕಾರಣ ಆತನಿಗೆ ಬುಧಮಿತ್ರನೆಂಬ ಹೆಸರೂ ಇದ್ದಿತು. ತಾಯಿ ಪೋಚಿಕಬ್ಬೆ ಜಿನಭಕ್ತಿಗೆ ಹೆಸರಾದ ಸಾಧ್ವಿ. ಹಿರಿಯ ಸೋದರ ಬಮ್ಮ, ಪತ್ನಿ ಲಕ್ಷ್ಮೀಮತಿ, ಮಗ ಬೊಪ್ಪ. ಮೂಲಸಂಘ, ದೇಶಿಗಣ, ಪುಸ್ತಕಗಚ್ಛದ ಶುಭಚಂದ್ರ ಸಿದ್ಧಾಂತದೇವರು ಈತನ ಗುರುಗಳು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆನಂದ ಕಾಣುವವನೆಂದು ಶಾಸನಗಳು ಈತನನ್ನು ಕೊಂಡಾಡುತ್ತವೆ. ಅದೇ ಶಾಸನಗಳು ದ್ರೋಹಿಗಳನ್ನು ಅರೆದುಹಾಕುವ ಬೀಸುವ ಕಲ್ಲೆಂಬ ಅರ್ಥದ ದ್ರೋಹಘರಟ್ಟ ಎಂಬ ಬಿರುದನ್ನೂ ಈತನಿಗೆ ಕೊಡುತ್ತವೆ. ದಾನದ ಮಾತೂ ರಣದ ಮಾತೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಹೇಗೆಂಬ ಸಂದೇಹವು ಇಂದಿನ ವಾಚಕರಿಗೆ ಉಂಟಾಗುವುದು ಸಹಜ. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬುದ್ಧಿಪೂರ್ವಕವಾಗಿ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯಾದ ಗೃಹಸ್ಥನು ಬಿಡಲೇಬೇಕು; ನಾಡಿನ ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಆತನು ಸಂಪೂರ್ಣವಾಗಿ ಬಿಡಲಾರನು. ಚಾವುಂಡರಾಯ, ಗಂಗರಾಜ ಮೊದಲಾದವರು ಕತ್ತಿ ಹಿಡಿದದ್ದು ಈ ಮಿತಿಯೊಳಗೆ. ಹಾಗಿದ್ದರೂ ಹಿಂಸೆ ಹಿಂಸೆಯೇ ಎಂಬ ಅರಿವು ಅವರಿಗಿದ್ದಿತೆಂಬುದಕ್ಕೆ ಗೆಲುವಿನ ಮರುದಿನ ಅವರು ಕೈಗೊಂಡ ಕಾರ್ಯಗಳೇ ಸಾಕ್ಷಿ.

ಆ ಕಾರ್ಯಗಳ ಬೆಲೆ ತಿಳಿಯಬೇಕಾದರೆ ಅಂದಿನ ಸೈನ್ಯದ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. ಅರಸನ ಕೆಳಗೆ ಸಾಮಂತರು ಮತ್ತು ದಂಡನಾಯಕರು, ಅವರ ಕೆಳಗೆ ಕುದುರೆಪಡೆಯ ಸಾಹಣಿಗಳು ಮತ್ತು ನಾಯಕರು, ಕೊನೆಯಲ್ಲಿ ಬಂಟರು, ಆಳುಗಳು. ಒಡೆಯನಿಗೂ ಆಳಿಗೂ ನಡುವಣ ಸಂಬಂಧವನ್ನು ಬಿಗಿದದ್ದು ಅನ್ನದ ಋಣ. ಇದಕ್ಕೆ ಜೋಳವಾಳಿ ಎಂದು ಹೆಸರು. ಒಡೆಯನೊಡನೆ ಪ್ರಾಣವನ್ನೂ ಬಿಡುವೆನೆಂಬ ಪ್ರತಿಜ್ಞೆಗೆ ವೇಳೆವಾಳಿ ಎಂದು ಹೆಸರು. ಸೇವೆಗೆ ಪ್ರತಿಫಲವಾಗಿ ಭೂಮಿ ದೊರೆಯುತ್ತಿದ್ದಿತು. ಕಲ್ನಾಡು, ಬಾಳ್ಗಚ್ಚು ಎಂಬ ಕೊಡುಗೆಗಳು ಶೌರ್ಯಕ್ಕೆ ಸಲ್ಲುತ್ತಿದ್ದವು. ರಣದಲ್ಲಿ ಮಡಿದವನ ಮನೆಯವರ ಜೀವನಕ್ಕಾಗಿ ಬಿಡುತ್ತಿದ್ದ ಭೂಮಿಯನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಇಂದಿನ ನಿವೃತ್ತಿವೇತನ, ಕುಟುಂಬವೇತನಗಳ ಪೂರ್ವರೂಪವನ್ನು ಇಲ್ಲಿ ಕಾಣಬಹುದು. ಆದರೆ ಅದು ಹಕ್ಕಾಗಿರಲಿಲ್ಲ, ಒಡೆಯನ ಕೃಪೆಯಾಗಿದ್ದಿತು.

ಈ ಕೃಪೆಯ ಏಣಿ ಮೇಲಿನಿಂದ ಕೆಳಕ್ಕೆ ಹೇಗೆ ಇಳಿಯುತ್ತಿದ್ದಿತೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಉತ್ತಮ ನಿದರ್ಶನ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಜಯ ತಂದಿತ್ತನು. ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಮುಂದೆ ನಿಂತು ಕಾದಿದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದಾಗ, ಆತನು ಮೊದಲು ಬೇಡಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಅನಂತರ ಆತಕೂರು ಹನ್ನೆರಡೂ ಬೆಳ್ವೊಲದ ಕೋಟೆಯೂರೂ ಆತನಿಗೆ ಬಾಳ್ಗಚ್ಚಾಗಿ ಸಂದವು. ಚಕ್ರವರ್ತಿಯಿಂದ ಅರಸನಿಗೆ ನಾಡು, ಅರಸನಿಂದ ಭಟನಿಗೆ ಊರು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗೂ ಸ್ಮಾರಕಶಿಲೆ ಮತ್ತು ಭೂಮಿ ದೊರೆತವು. ಒಡೆಯನು ತನ್ನ ಆಳನ್ನು ಮರೆಯಬಾರದೆಂಬ ನೀತಿ ಈ ನಾಡಿನಲ್ಲಿ ಅಷ್ಟು ಆಳವಾಗಿ ಬೇರೂರಿದ್ದಿತು.

ಈಗ ಗಂಗರಾಜನ ಕಾಲಕ್ಕೆ ಬರೋಣ. ವಿಷ್ಣುವರ್ಧನನು ಪಟ್ಟವೇರಿದಾಗ ತಲಕಾಡು ಚೋಳರ ವಶದಲ್ಲಿದ್ದು, ಅಲ್ಲಿ ಅದಿಯಮನೆಂಬ ಚೋಳ ಸಾಮಂತನು ಅಧಿಕಾರ ನಡೆಸುತ್ತಿದ್ದನು. ನಾಡನ್ನು ಒಪ್ಪಿಸಬೇಕೆಂದು ಕೇಳಿದಾಗ, ಕಾದಿ ತೆಗೆದುಕೊಳ್ಳಲಿ ಎಂಬ ಅರ್ಥದ ಉತ್ತರ ಬಂದಿತು. 1116ರ ಸುಮಾರಿನಲ್ಲಿ ಗಂಗರಾಜನು ಅದಿಯಮನನ್ನೂ, ದಾಮೋದರ, ನರಸಿಂಹವರ್ಮ ಮೊದಲಾದ ಚೋಳ ಸಾಮಂತರನ್ನೂ ಹಿಮ್ಮೆಟ್ಟಿಸಿ ಗಂಗವಾಡಿಯನ್ನು ಹೊಯ್ಸಳರ ವಶಕ್ಕೆ ತಂದನು. ವಿಷ್ಣುವರ್ಧನನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಲು ಕಾರಣವಾದ ಗೆಲುವು ಇದೇ. ಮೆಚ್ಚಿದ ಅರಸನು ಬೇಕಾದುದನ್ನು ಬೇಡಬಹುದೆಂದನು. ದಂಡನಾಯಕನು ಬೇಡಿದ್ದು ಗೋವಿಂದವಾಡಿ ಎಂಬ ಗ್ರಾಮವನ್ನು. ಅದೂ ತನಗಾಗಿ ಅಲ್ಲ, ಬೆಳಗೊಳದ ಗೊಮ್ಮಟದೇವರ ಪೂಜೆಗಾಗಿ.

ಇದಾದ ಸ್ವಲ್ಪ ಕಾಲದಲ್ಲಿಯೇ, 1118ರ ಸುಮಾರಿಗೆ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೈನ್ಯವು ಹನ್ನೆರಡು ಮಂದಿ ಸಾಮಂತರೊಡನೆ ಬಂದು ಕಣ್ಣೆಗಾಲದಲ್ಲಿ ಬೀಡುಬಿಟ್ಟಿತು. ಗಂಗರಾಜನು ರಾತ್ರಿಯ ವೇಳೆಯಲ್ಲಿ ಆ ಬೀಡಿನ ಮೇಲೆ ಎರಗಿದನು. ಕತ್ತಲೆಯ ಕಾಳಗದಲ್ಲಿ ಸೇನಾಪತಿಯ ಅಪ್ಪಣೆಯನ್ನು ಕಣ್ಣಿನಿಂದ ಕಾಣಲಾಗದು. ಒಡೆಯನ ಮೇಲೆ ಆಳಿಗೂ, ಆಳಿನ ಮೇಲೆ ಒಡೆಯನಿಗೂ ಪೂರ್ಣ ವಿಶ್ವಾಸವಿಲ್ಲದೆ ಇಂತಹ ಸಾಹಸ ಸಾಧ್ಯವಲ್ಲ. ಸಾಮಂತರ ಪಡೆ ಸೋತು ಚದುರಿತು. ಕೈವಶವಾದ ಭಂಡಾರವನ್ನೂ ವಾಹನಗಳನ್ನೂ ಗಂಗರಾಜನು ತಂದು ಅರಸನಿಗೆ ಒಪ್ಪಿಸಿದನು. ಪುನಃ ಅರಸನಿಂದ ಮೆಚ್ಚುಗೆಯ ಮಾತು. ಪುನಃ ಅದೇ ಬಗೆಯ ಬೇಡಿಕೆ. ಈ ಬಾರಿ ಪಡೆದದ್ದು ಪರಮ ಎಂಬ ಗ್ರಾಮ. ಅದನ್ನು ತನ್ನ ತಾಯಿಯೂ ಪತ್ನಿಯೂ ಮಾಡಿಸಿದ ಬಸದಿಗಳಿಗೆ ದತ್ತಿಯಾಗಿ ಬಿಟ್ಟನು. ರಾಜ್ಯವನ್ನೇ ಬೇಡಬಹುದಾಗಿದ್ದ ಗಳಿಗೆಯಲ್ಲಿ ಜಿನಪೂಜೆಗೆ ಬೇಕಾದಷ್ಟನ್ನೇ ಬೇಡಿದನೆಂಬುದನ್ನು ಶಾಸನಕಾರನು ವಿಶೇಷವಾಗಿ ಎತ್ತಿ ಹೇಳಿದ್ದಾನೆ. ಚಂದ್ರಗಿರಿಯಲ್ಲಿ ಗಂಗರಾಜನು ಕಟ್ಟಿಸಿದ ಇಂದಿರಾಕುಲಗೃಹದ ಬಾಗಿಲ ಬಳಿ ಈ ಶಾಸನವಿರುವುದರಿಂದಲೇ ಆ ಬಸದಿಗೆ ಶಾಸನ ಬಸದಿ ಎಂಬ ಹೆಸರು ಬಂದಿದೆ.

ಅದೇ ಬೆಟ್ಟದಲ್ಲಿ ತಾಯಿ ಪೋಚಿಕಬ್ಬೆಗಾಗಿ ಆತನು ಕಟ್ಟಿಸಿದ ಕತ್ತಲೆ ಬಸದಿಯೂ, ಲಕ್ಷ್ಮೀಮತಿಯು ಕಟ್ಟಿಸಿದ ಎರಡುಕಟ್ಟೆ ಬಸದಿಯೂ ಇವೆ. ಸಮೀಪದ ಜಿನನಾಥಪುರವನ್ನು ನೆಲೆಗೊಳಿಸಿದವನೂ ಆತನೇ. ಗಂಗವಾಡಿಯ ಬಸದಿಗಳೆಲ್ಲವನ್ನೂ ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನಗಳು ಹೊಗಳುತ್ತವೆ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಸರಿಸುಮಾರು ಅದೇ ಕಾಲದಲ್ಲಿ ಬೆಳಗೊಳದ ಸುತ್ತಾಲಯವೂ ಎದ್ದಿತು. ಅರಸನ ಇಷ್ಟದೈವ ಬೇರೆಯಾದರೂ ದಂಡನಾಯಕನ ನಿಷ್ಠೆಯಾಗಲಿ, ಅರಸನ ವಿಶ್ವಾಸವಾಗಲಿ ಕುಂದಲಿಲ್ಲವೆಂಬುದು ಮನನೀಯ.

ಮನೆಯ ಜೀವನದಲ್ಲಿ ಗಂಗರಾಜನು ಒಂದರ ಮೇಲೊಂದು ಅಗಲಿಕೆಗಳನ್ನು ಕಂಡನು. 1120ರ ಸುಮಾರಿಗೆ ತಾಯಿ ಪೋಚಿಕಬ್ಬೆಯೂ, ಅನಂತರ ಪತ್ನಿ ಲಕ್ಷ್ಮೀಮತಿಯೂ ಸಮಾಧಿಮರಣವನ್ನು ಹೊಂದಿದರು. 1123ರಲ್ಲಿ ಗುರುಗಳಾದ ಶುಭಚಂದ್ರ ಸಿದ್ಧಾಂತದೇವರು ದೇಹವನ್ನು ತ್ಯಜಿಸಿದರು. ಇವರ ಸ್ಮಾರಕಗಳನ್ನು ಆತನೇ ನಿಲ್ಲಿಸಿದನು. ರಣರಂಗದ ಮರಣವನ್ನು ನಿತ್ಯ ಕಂಡ ಕಣ್ಣುಗಳು, ಮನೆಯಲ್ಲಿ ರಾಗದ್ವೇಷಗಳನ್ನು ತೊರೆದು ಬರಮಾಡಿಕೊಂಡ ಮರಣವನ್ನೂ ಕಂಡವು.

ಗಂಗರಾಜನು 1133ರ ಸುಮಾರಿಗೆ ಕಾಲವಶನಾದನು. ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ದ್ರೋಹಘರಟ್ಟ ಜಿನಾಲಯವನ್ನು ಕಟ್ಟಿಸಿ ಪಾರ್ಶ್ವನಾಥ ತೀರ್ಥಂಕರರನ್ನು ಪ್ರತಿಷ್ಠಾಪಿಸಿದನು. ಪ್ರತಿಷ್ಠೆಯ ಶೇಷಪ್ರಸಾದವನ್ನು ಇಂದ್ರರು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಕೊಂಡೊಯ್ದರು. ಶತ್ರುವಾದ ಮಸಣನ ಮೇಲಿನ ಜಯವೂ, ರಾಜಕುಮಾರನ ಜನನವೂ ಅದೇ ಸಮಯಕ್ಕೆ ಕೂಡಿಬಂದುದರಿಂದ ಹರ್ಷಗೊಂಡ ವಿಷ್ಣುವರ್ಧನನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ಬಸದಿಗೆ ದತ್ತಿಯನ್ನು ಬಿಟ್ಟನು. ತುಳುನಾಡಿನ ಬಸದಿಗಳ ಅರ್ಚಕರನ್ನು ನಾವು ಇಂದಿಗೂ ಇಂದ್ರರೆಂದೇ ಕರೆಯುತ್ತೇವೆ. ಸುಮಾರು ಒಂಬತ್ತು ಶತಮಾನಗಳ ಹಿಂದಿನ ಆ ಶಾಸನದಲ್ಲಿ ಅದೇ ಹೆಸರನ್ನು ಕಂಡಾಗ ಆತ್ಮೀಯತೆ ಮೂಡುತ್ತದೆ.

ಆ ಹಳೇಬೀಡಿನ ಶಾಸನದಲ್ಲಿಯೇ ಗಂಗರಾಜನ ಅಂತರಂಗವನ್ನು ತೋರುವ ಒಂದು ಮಾತಿದೆ. ಆತನ ಮತದಂತೆ ನರಕಗಳು ಏಳು: ಸುಳ್ಳಾಡುವುದು ಒಂದು, ಯುದ್ಧದಲ್ಲಿ ಅಂಜುವುದು ಒಂದು, ಪರಸ್ತ್ರೀಯನ್ನು ಬಯಸುವುದು ಒಂದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು ಒಂದು, ಬೇಡಿ ಬಂದವರನ್ನು ತೃಪ್ತಿಪಡಿಸದಿರುವುದು ಒಂದು, ತಾನು ಕಾಯಬೇಕಾದವರನ್ನು ಕೈಬಿಡುವುದು ಒಂದು, ಒಡೆಯನಿಗೆ ದ್ರೋಹ ಬಗೆಯುವುದು ಒಂದು. ಸೇನಾಪತಿಯೊಬ್ಬನ ನೀತಿಯಲ್ಲಿ ಒಡೆಯನ ಕುರಿತಾದ ಕರ್ತವ್ಯ ಒಂದೇ. ತನ್ನನ್ನು ನೆಚ್ಚಿದವರ ಕುರಿತಾದ ಕರ್ತವ್ಯಗಳು ಮೂರು. ಮೇಲಿನವರಿಗೆ ವಿಧೇಯನಾಗಿದ್ದರೆ ಸಾಕೆಂದು ಆತನು ತಿಳಿಯಲಿಲ್ಲ. ಕೆಳಗಿನವರನ್ನು ಕೈಬಿಟ್ಟರೂ ನರಕವೇ ಎಂದು ತಿಳಿದನು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಕಣ್ಣೆಗಾಲದ ಆ ರಾತ್ರಿಯಲ್ಲಿ ಗಂಗರಾಜನೊಡನೆ ನುಗ್ಗಿದ ಬಂಟರ ಹೆಸರುಗಳು ಪರಮ ಗ್ರಾಮದ ದತ್ತಿಶಾಸನದಲ್ಲಿ ಇಲ್ಲ. ಗೆಲುವಿನ ಕೀರ್ತಿ ದಂಡನಾಯಕನಿಗೆ, ಭಂಡಾರ ಅರಸನಿಗೆ, ಗ್ರಾಮ ಬಸದಿಗೆ ಸಂದವು. ಉದ್ಯಾವರದ ಭಟರಿಗೆ ದೊರೆತ ಅಕ್ಷರದ ಭಾಗ್ಯವೂ ಅವರಿಗೆ ಅಲ್ಲಿ ದೊರೆಯಲಿಲ್ಲ. ಗಂಗರಾಜನು ಮಾಡಿದುದಿಷ್ಟು: ಅನೇಕರ ನೆತ್ತರಿನಿಂದ ಬಂದ ಫಲವನ್ನು ತನ್ನ ಮನೆಯ ಸ್ವತ್ತಾಗಲು ಬಿಡದೆ, ಎಲ್ಲರಿಗೂ ಸೇರಿದ ಸ್ಥಾನಕ್ಕೆ ಸಲ್ಲಿಸಿದನು. ಆ ಹೆಸರಿಲ್ಲದವರ ಪಾಲೂ ಆ ಕಲ್ಲುಗಳಲ್ಲಿದೆಯೆಂದು ನೆನೆಯುವುದು ದರ್ಶನಕ್ಕೆ ಹೋಗುವ ನಮ್ಮ ಕರ್ತವ್ಯ.

ಇಂದು ಸೈನಿಕನ ನಿವೃತ್ತಿವೇತನವೂ, ಮಡಿದ ಯೋಧನ ಮಡದಿಗೆ ಸಲ್ಲುವ ಕುಟುಂಬವೇತನವೂ ಯಾರ ಕೃಪೆಯೂ ಅಲ್ಲ, ನಿಯಮಬದ್ಧವಾದ ಹಕ್ಕು. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯೂ ಇದೆ. ಆದರೂ ಸೇವೆ ಮುಗಿಸಿ ಊರಿಗೆ ಮರಳಿದವರನ್ನು ಆದರದಿಂದ ಕಂಡು, ಅವರ ಕಷ್ಟಸುಖ ವಿಚಾರಿಸುವ ಹೊಣೆಯನ್ನು ಯಾವ ಇಲಾಖೆಯೂ ಸಮಾಜದಿಂದ ಕಿತ್ತುಕೊಂಡಿಲ್ಲ.

ಬಸದಿಗಳ ಸ್ಥಿತಿ ಇದಕ್ಕೆ ವಿಪರೀತವಾಗಿ ಸಾಗಿದೆ. ಹಿಂದೆ ಅವುಗಳಿಗೆ ಭೂಮಿಯ ಆಧಾರವಿದ್ದಿತು. ಕಾಪುವಿನ ಮದ್ದ ಹೆಗ್ಗಡೆಯು 1556ರಲ್ಲಿ ಮಲ್ಲಾರಿನ ಭೂಮಿಯನ್ನು ಬಸದಿಯ ಪೂಜೆಗಾಗಿ ಬಿಟ್ಟನು. 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ಅದಕ್ಕೆ ದತ್ತಿಯನ್ನು ಬಿಟ್ಟನು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಉಳುವವನಿಗೆ ಭೂಮಿ ಸೇರಿತು. ಜಿಲ್ಲೆಯ ಅನೇಕ ಬಸದಿಗಳ ಗೇಣಿಯ ಅಕ್ಕಿ ನಿಂತಿತು. ಇನ್ನು ನಿತ್ಯಪೂಜೆ ನಡೆಯಬೇಕಾದುದು ಶ್ರಾವಕರ ಕೈಯಿಂದಲೇ.

ಪ್ರತಿಷ್ಠೆಯ ದಿನ ವಾದ್ಯವೂ ಜನಸಾಗರವೂ ತಾವಾಗಿಯೇ ಸೇರುತ್ತವೆ. ಪಂಚಕಲ್ಯಾಣದ ಚಪ್ಪರ ಬಿಚ್ಚಿದ ಮೇಲೆ ಮುಂಜಾನೆ ಗರ್ಭಗೃಹದ ಬಾಗಿಲು ತೆರೆಯುವ ಇಂದ್ರರ ಮನೆಯ ಒಲೆ ಉರಿಯುತ್ತಿದೆಯೇ, ಅಂಗಳ ಗುಡಿಸುವವರಿಗೆ ಕೂಲಿ ಸಂದಿದೆಯೇ, ಕಲ್ಲು ಹೊತ್ತವರಿಗೆ ಬಾಕಿ ಉಳಿದಿದೆಯೇ ಎಂದು ವಿಚಾರಿಸುವವರು ಬೇಕು. ನೆಚ್ಚಿದವರನ್ನು ಕೈಬಿಡುವುದು ನರಕವೆಂದು ತಿಳಿದ ದಂಡನಾಯಕನಿಗೆ ಸಲ್ಲಿಸಬಹುದಾದ ನಿಜವಾದ ಕಾಣಿಕೆ ಅದೇ. ಅಂತಹ ಬುದ್ಧಿಯನ್ನು ಜಿನೇಂದ್ರ ಭಗವಂತರು ನಮ್ಮೆಲ್ಲರಿಗೂ ಅನುಗ್ರಹಿಸಲಿ.