ಹೊರಸಿನ ಪಕ್ಕದಲ್ಲೊಂದು ಪುಟ್ಟ ಜೀವ



ಸಂಕೇಶ್ವರದ ಸುತ್ತಲಿನ ಯಾವುದಾದರೂ ಒಂದು ಹೊಲಮನೆಯನ್ನು ನೆನಪಿಗೆ ತಂದುಕೊಳ್ಳಿ. ಪಡಸಾಲೆಯಲ್ಲಿ ಹೊರಸು, ಹೊರಸಿನ ಮೇಲೆ ಪಾರ್ಶ್ವವಾಯು ಬಡಿದ ಅಜ್ಜ. ಇಷ್ಟು ವರ್ಷ ಆತನ ಹಿಂದೆ ಮುಂದೆ ತಿರುಗಿದ ನಾಯಿಯನ್ನು ಈಗ ಹಿತ್ತಲಲ್ಲಿ ಕಟ್ಟಿದ್ದಾರೆ. ಬೆಕ್ಕು ಒಳಗೆ ಬಂದರೆ ಸೊಸೆ ಪೊರಕೆ ಎತ್ತುತ್ತಾಳೆ. ಆಕಳ ಮೈ ಸವರಬೇಕೆಂದು ಅಜ್ಜ ಸನ್ನೆ ಮಾಡಿದರೆ, ಈಗ ಅದೆಲ್ಲ ಯಾಕೆ ಎಂದು ಮಕ್ಕಳು ಸುಮ್ಮನಾಗಿಸುತ್ತಾರೆ. ಇದೆಲ್ಲ ಪ್ರೀತಿಯಿಂದಲೇ ನಡೆಯುತ್ತದೆ. ರೋಗಿಗೆ ತೊಂದರೆಯಾಗಬಾರದು ಎಂಬುದೊಂದೇ ಅವರ ಚಿಂತೆ.

ಆದರೆ ತಾನೇ ಹಾಸಿಗೆ ಹಿಡಿದ ಒಬ್ಬ ಹೆಣ್ಣುಮಗಳು ಇದಕ್ಕೆ ತಿರುಗುಮುರುಗಾದ ಸಲಹೆಯನ್ನು 1859ರ ಕೊನೆಯಲ್ಲೇ ಅಚ್ಚು ಹಾಕಿಸಿದಳು. ಆಕೆಯ ಹೆಸರು ನಿಮಗೆ ಹೊಸದಲ್ಲ. ನಮ್ಮ ಎಷ್ಟೋ ಕುಟುಂಬಗಳ ಹೆಣ್ಣುಮಕ್ಕಳು ದಾದಿಯರಾಗಿ ದೂರದೂರಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರಲ್ಲ, ಅವರು ಮೇ 12ರಂದು ದೀಪ ಹಚ್ಚಿ ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್. ದೀಪದ ಕಥೆಯನ್ನು ಎಲ್ಲರೂ ಬಲ್ಲೆವು. ಆಕೆಯ ನಾಯಿ, ಗೂಬೆ, ಬೆಕ್ಕುಗಳ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ.

ಫ್ಲಾರೆನ್ಸ್ ಹುಟ್ಟಿದ್ದು 1820ರಲ್ಲಿ, ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ. ಆಕೆಯ ಮೊದಲ ರೋಗಿ ಒಂದು ನಾಯಿ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಊರ ಹತ್ತಿರದ ಮುದುಕ ಕುರುಬನ ಕ್ಯಾಪ್ ಎಂಬ ನಾಯಿಗೆ ಪುಂಡ ಹುಡುಗರು ಕಲ್ಲು ಹೊಡೆದು ಕಾಲಿಗೆ ಗಾಯ ಮಾಡಿದ್ದರು. ಕುರಿ ಕಾಯಲಾಗದ ನಾಯಿಗೆ ಅನ್ನ ಹಾಕುವಷ್ಟು ಶಕ್ತಿ ಆ ಬಡವನಿಗಿರಲಿಲ್ಲ, ಕೊಂದುಬಿಡುವುದೇ ಲೇಸೆಂದು ನಿಶ್ಚಯಿಸಿದ್ದ. ಹದಿಹರೆಯದ ಫ್ಲಾರೆನ್ಸ್ ಊರ ಪಾದ್ರಿಯನ್ನು ಜೊತೆಗೆ ಕರೆದುಕೊಂಡು ಹೋದಳು. ಮೂಳೆ ಮುರಿದಿಲ್ಲವೆಂದು ತಿಳಿದಾಗ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಕಾವು ಕೊಟ್ಟು ಬಾವು ಇಳಿಸಿದಳು. ನಾಯಿ ಉಳಿಯಿತು, ಮುದುಕನ ಹೊಟ್ಟೆಪಾಡೂ ಉಳಿಯಿತು. 1837ರ ಫೆಬ್ರವರಿ 7ರಂದು ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆ ಬರೆದಿಟ್ಟುಕೊಂಡಳು.

ದೊಡ್ಡ ಮನೆಯ ಹುಡುಗಿ ರೋಗಿಗಳ ಗಾಯ ತೊಳೆಯುವುದೆಂದರೆ ಆಗ ನಾಚಿಕೆಗೇಡು. ಹೆತ್ತವರು ವರ್ಷಗಟ್ಟಲೆ ಒಪ್ಪಲಿಲ್ಲ. ಆ ಕೊರಗಿನಲ್ಲೇ ಆಕೆ ಪರಿಚಿತರೊಡನೆ ಈಜಿಪ್ಟ್, ಗ್ರೀಸ್ ಸುತ್ತಿದಳು. 1850ರಲ್ಲಿ ಅಥೆನ್ಸಿನ ಹಳೆಯ ದೇಗುಲದ ಬಳಿ ಗೂಡಿನಿಂದ ಬಿದ್ದ ಗೂಬೆಮರಿಯೊಂದನ್ನು ಮಕ್ಕಳು ಹಿಂಸಿಸುತ್ತಿದ್ದರು. ಅವರಿಂದ ಬಿಡಿಸಿ ಅಥೀನಾ ಎಂದು ಹೆಸರಿಟ್ಟಳು. ನಮ್ಮಲ್ಲಾದರೆ ಗೂಬೆ ಮನೆ ಹೊಕ್ಕರೆ ಅಪಶಕುನ! ಅಥೀನಾ ಮಾತ್ರ ಆಕೆಯ ಜೇಬಿನಲ್ಲೇ ಕುಳಿತು ಊರೂರು ತಿರುಗಿತು. ಜೊತೆಗಿದ್ದ ಸಾಕು ಜೀರುಂಡೆಯನ್ನು ನುಂಗಿತು, ಮನೆಗೆ ಬಂದ ಅತಿಥಿಗಳನ್ನು ಕುಕ್ಕಿತು. ಮನಸ್ಸು ಕುಗ್ಗಿದ್ದ ಆ ನಾಲ್ಕು ವರ್ಷ ಆಕೆಗೆ ಅದೇ ಸಂಗಾತಿ.

1854ರಲ್ಲಿ ಕ್ರಿಮಿಯಾ ಯುದ್ಧದ ಕರೆ ಬಂತು. ಹೊರಡುವ ಗಡಿಬಿಡಿಯಲ್ಲಿ ಮನೆಯವರು ಗೂಬೆಯನ್ನು ಅಟ್ಟದಲ್ಲಿ ಬಿಟ್ಟರು, ನೋಡುವವರಿಲ್ಲದೆ ಅದು ಸತ್ತಿತು. ಅಷ್ಟು ಗಟ್ಟಿ ಹೆಂಗಸು ಅದರ ಮುಂದೆ ಕಣ್ಣೀರಿಟ್ಟಳಂತೆ.

ಆಕೆಯೊಡನೆ ಹೊರಟ 38 ಮಂದಿಯಲ್ಲಿ 10 ಜನ ಕಥೋಲಿಕ ಧರ್ಮಭಗಿನಿಯರು. ಅವರಲ್ಲಿ ಮದರ್ ಕ್ಲೇರ್ ಮೂರ್ ಆಕೆಯ ಬಾಳಿನುದ್ದದ ಗೆಳತಿಯಾದರು. (ಫ್ಲಾರೆನ್ಸ್ ಕಥೋಲಿಕಳಲ್ಲ. ಆದರೂ ರೋಮಿನ ಕನ್ಯಾಮಠವೊಂದರಲ್ಲಿ ಧ್ಯಾನಕ್ಕೆ ಕುಳಿತು ಬಂದವಳು.) ಸ್ಕುಟಾರಿಯ ಆಸ್ಪತ್ರೆಯಲ್ಲಿ ಗಾಯಕ್ಕಿಂತ ಹೊಲಸಿನಿಂದ ಹುಟ್ಟಿದ ರೋಗಗಳಿಗೇ ಹೆಚ್ಚು ಸೈನಿಕರು ಸಾಯುತ್ತಿದ್ದರು. ಆ ನರಕದಲ್ಲೂ ಜಿಮ್ಮಿ ಎಂಬ ಆಮೆಯೊಂದು ಆಸ್ಪತ್ರೆಯಲ್ಲಿ ಓಡಾಡಿಕೊಂಡಿತ್ತು.

1855ರ ಮೇ ತಿಂಗಳಲ್ಲಿ ಆಕೆಗೇ ಜ್ವರ ಬಂತು. ಅದು ಒಳಗೇ ಉಳಿದು, 1857ರಿಂದ ವರ್ಷಗಟ್ಟಲೆ ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಿತು. ಬೆನ್ನುನೋವು, ನಿದ್ದೆಗೇಡು, ಜನ ಕಂಡರೆ ಎದೆಬಡಿತ. ಹಾಸಿಗೆಯಲ್ಲೇ ಕುಳಿತು ದಾದಿಯರ ಶಾಲೆ ಕಟ್ಟಿದಳು. ಭಾರತದ ದಂಡುಪ್ರದೇಶಗಳ ನೀರು, ಚರಂಡಿ, ಸಾವಿನ ಲೆಕ್ಕ ತರಿಸಿಕೊಂಡು 1863ರ ವರದಿಗೆ ದುಡಿದಳು. ನಮ್ಮ ಬೆಳಗಾವಿಯೂ ಆಗ ಅಂಥದೊಂದು ದಂಡು. ಆ ಕಾಗದಗಳ ರಾಶಿಯ ನಡುವೆ ಬೆಕ್ಕುಗಳು ಮಲಗುತ್ತಿದ್ದವು. ಬದುಕಿನುದ್ದಕ್ಕೂ ಅರವತ್ತರಷ್ಟು ಬೆಕ್ಕು ಸಾಕಿದಳೆಂದು ಲೆಕ್ಕ. ಒಂದಕ್ಕೆ ಜರ್ಮನಿಯ ಪ್ರಧಾನಿ ಬಿಸ್ಮಾರ್ಕನ ಹೆಸರು! ಮಸಿ ಮೆತ್ತಿದ ಬೆಕ್ಕಿನ ಹೆಜ್ಜೆಗುರುತುಗಳು ಆಕೆಯ ಕೆಲವು ಪತ್ರಗಳ ಮೇಲೆ ಇಂದಿಗೂ ಇವೆ.

ಹೀಗೆ ಬಿದ್ದುಕೊಂಡಿದ್ದ ದಿನಗಳಲ್ಲಿ ಬರೆದದ್ದು ರೋಗಿಗಳ ಆರೈಕೆ ಕುರಿತ ಆ ಚಿಕ್ಕ ಪುಸ್ತಕ. ಬಹುಕಾಲ ಕಾಯಿಲೆ ಬಿದ್ದವರಿಗೆ ಪುಟ್ಟ ಸಾಕುಪ್ರಾಣಿ ಬಲು ಒಳ್ಳೆಯ ಜೊತೆ ಎಂದು ಅದರಲ್ಲಿ ಹೇಳುತ್ತಾಳೆ. ಇನ್ನೂ ಮುಖ್ಯವಾದ ಮಾತೊಂದಿದೆ: ಕೈಲಾದರೆ ಅದಕ್ಕೆ ತಿನ್ನಿಸುವ, ಶುಚಿ ಮಾಡುವ ಕೆಲಸವನ್ನು ರೋಗಿಯೇ ಮಾಡುವಂತೆ ಹುರಿದುಂಬಿಸಬೇಕು. ಗಮನಿಸಿ, ಪ್ರಾಣಿ ರೋಗಿಯನ್ನು ರಮಿಸುವುದಷ್ಟೇ ಅಲ್ಲ. ದಿನವಿಡೀ ಇನ್ನೊಬ್ಬರ ಕೈಯಿಂದ ಉಣ್ಣುವವನಿಗೆ, ತನ್ನ ಕೈಯಿಂದ ಉಣ್ಣುವ ಜೀವವೊಂದು ಸಿಗುತ್ತದೆ. ಇದನ್ನು ಆರೋಗ್ಯವಂತರು ಊಹಿಸಿ ಬರೆಯುವುದು ಕಷ್ಟ ಎಂದು ನನಗನಿಸುತ್ತದೆ.

1980ರಲ್ಲಿ ಅಮೆರಿಕದ ಸಂಶೋಧಕಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು 92 ಹೃದ್ರೋಗಿಗಳ ಲೆಕ್ಕ ಪ್ರಕಟಿಸಿದರು. ಪ್ರಾಣಿ ಸಾಕಿದ್ದ 53 ಜನರಲ್ಲಿ ವರ್ಷದೊಳಗೆ ತೀರಿಕೊಂಡವರು 3, ಸಾಕದಿದ್ದ 39 ಜನರಲ್ಲಿ 11. ಮುಂದಿನ ಎಲ್ಲ ಅಧ್ಯಯನಗಳೂ ಇದೇ ಉತ್ತರ ಕೊಟ್ಟಿಲ್ಲ, ಆದ್ದರಿಂದ ನಾಯಿ ಸಾಕಿ ಗುಳಿಗೆ ಬಿಡಿ ಎಂದು ಯಾರೂ ತಿಳಿಯಬಾರದು.

ಎಚ್ಚರಿಕೆಯ ಮಾತೂ ಆಕೆಯ ಬಾಳಿನಲ್ಲೇ ಇದೆ. ಆಕೆಯನ್ನು ಕಾಡಿದ್ದು ಬ್ರುಸೆಲ್ಲಾ ಜ್ವರವಿರಬೇಕೆಂದು ಇಂದಿನ ಕೆಲವು ವೈದ್ಯರ ಅಂದಾಜು. ಅದು ಕಾಯಿಸದ ಹಾಲಿನಿಂದಲೂ ಬರುತ್ತದೆಂದು ಗೊತ್ತಾದದ್ದು 1905ರಲ್ಲಿ, ಮಾಲ್ಟಾ ದ್ವೀಪದ ಆಡುಗಳಿಂದ. ಮನೆಯಲ್ಲೇ ಕರೆದ ಹಾಲಾದರೂ ಕಾಯಿಸಿಯೇ ಕುಡಿಯಿರಿ. ನಾಯಿಗೆ ಹುಚ್ಚುರೋಗದ ಚುಚ್ಚುಮದ್ದು ತಪ್ಪಿಸಬೇಡಿ. ಅಜ್ಜನಿಗೆಂದು ಗಿಳಿ ಹಿಡಿದು ಪಂಜರದಲ್ಲಿಡುವ ಯೋಚನೆಯಿದ್ದರೆ ಅದನ್ನೂ ಬಿಡಿ, ನಮ್ಮ ನಾಡಗಿಳಿ ಸಾಕುವುದು ವನ್ಯಜೀವಿ ಕಾಯ್ದೆಯಂತೆ ಅಪರಾಧ. ಹಿತ್ತಲಲ್ಲಿ ಕಟ್ಟಿದ ಆ ನಾಯಿ ಸಾಕು. ಮೈ ತೊಳೆದು ಹೊರಸಿನ ಹತ್ತಿರ ಬಿಡಿ, ರೊಟ್ಟಿಯ ತುಣುಕನ್ನು ಅಜ್ಜನ ಕೈಗೆ ಕೊಡಿ. ಆಮೇಲೆ ಕೈ ತೊಳೆಸಿದರಾಯಿತು.

ಫ್ಲಾರೆನ್ಸ್ 1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸತ್ತ ಅಥೀನಾಳನ್ನು ಆಕೆ ಹೂಳಲು ಬಿಟ್ಟಿರಲಿಲ್ಲ, ಕೆಡದಂತೆ ತುಂಬಿಸಿಡಲು ಹೇಳಿದ್ದಳು. ಲಂಡನ್ನಿನಲ್ಲಿ ಆಕೆಯ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹೋದವರಿಗೆ ಆ ಪುಟ್ಟ ಗೂಬೆ ಈಗಲೂ ಕಾಣಸಿಗುತ್ತದೆ.