ಫ್ಲಾರೆನ್ಸ್ ನೈಟಿಂಗೇಲ್

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಬೀದಿಗಳಲ್ಲಿ ಹೆಗಲಿಗೆ ಚೀಲ ತೂಗುಹಾಕಿಕೊಂಡು, ಕೈಯಲ್ಲಿ ಲಸಿಕೆಯ ಪೆಟ್ಟಿಗೆ ಹಿಡಿದು ಮನೆಯಿಂದ ಮನೆಗೆ ನಡೆಯುವ ಆರೋಗ್ಯ ಸಹಾಯಕಿಯನ್ನು ನೀವು ಕಂಡಿರಬಹುದು. ಮಕ್ಕಳು ಅವರನ್ನು ಸಿಸ್ಟರ್ ಎಂದು ಕರೆಯುತ್ತಾರೆ. ಹಿರಿಯರು ನರ್ಸಮ್ಮ ಎನ್ನುತ್ತಾರೆ. ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಕೂಸಿಗೆ ಲಸಿಕೆ ಹಾಕಿಸುವ ಕಾಲ ಬಂದಿದೆ, ಯಾರು ಕ್ಷಯರೋಗದ ಮಾತ್ರೆಯನ್ನು ನಡುವೆಯೇ ಬಿಟ್ಟಿದ್ದಾರೆ, ಯಾವ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ಬೆಳೆದಿವೆ ಎಂಬುದೆಲ್ಲ ಅವರ ಲೆಕ್ಕದಲ್ಲಿರುತ್ತದೆ. ರೋಗಿಯು ಆಸ್ಪತ್ರೆಯನ್ನು ಹುಡುಕಿಕೊಂಡು ಬರುವ ತನಕ ಕಾಯದೆ ಆರೋಗ್ಯವೇ ಜನರ ಮನೆಬಾಗಿಲಿಗೆ ಹೋಗಬೇಕೆಂಬುದು ಅವರ ವೃತ್ತಿಯ ತತ್ತ್ವ. ಇಂದು ಸಹಜವೆಂದು ತೋರುವ ಈ ತತ್ತ್ವವು ಒಂದೂವರೆ ಶತಮಾನದ ಹಿಂದೆ ಹೊಸದಾಗಿತ್ತು. ಅದನ್ನು ಜಗತ್ತಿಗೆ ಒಪ್ಪಿಸಲು ಶ್ರಮಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲಳು ಅಗ್ರಗಣ್ಯಳು.

ದೀಪಧಾರಿಣಿ ಎಂಬ ಹೆಸರಿನಿಂದ ಆಕೆಯನ್ನು ಲೋಕವು ಬಲ್ಲದು. ಆದರೆ ದೀಪ ಹಿಡಿದು ಯುದ್ಧಕಾಲದ ಆಸ್ಪತ್ರೆಯಲ್ಲಿ ಆಕೆ ಸೇವೆ ಮಾಡಿದ್ದು ಎರಡು ವರ್ಷಗಳಿಗಿಂತಲೂ ಕಡಿಮೆ ಕಾಲ. ಅನಂತರದ ದಶಕಗಳ ದುಡಿಮೆ ಅದಕ್ಕಿಂತ ದೊಡ್ಡದು. ಆ ದುಡಿಮೆಗೂ ನಮ್ಮ ನಾಡಿಗೂ ಸಂಬಂಧವಿದೆ.

ಫ್ಲಾರೆನ್ಸ್ ನೈಟಿಂಗೇಲ್ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತ ಮನೆತನಕ್ಕೆ ಸೇರಿದವರು. ತಂದೆ ವಿಲಿಯಂ ವಿದ್ಯಾಪ್ರಿಯ. ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆ ಬೇಡವೆಂಬ ಭಾವನೆ ಬಲವಾಗಿದ್ದ ಆ ಕಾಲದಲ್ಲಿ ಅವನು ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಇತಿಹಾಸವನ್ನೂ ತಾನೇ ಕಲಿಸಿದನು. ಕಿರಿಯವಳಾದ ಫ್ಲಾರೆನ್ಸಳಿಗೆ ಗಣಿತದಲ್ಲಿ ಅಪಾರ ಆಸಕ್ತಿ. ಅಂಕಿಗಳ ಮೇಲಿನ ಈ ಒಲವೇ ಮುಂದೆ ಆಕೆಯ ಕೈಯ ಬಲವಾದ ಆಯುಧವಾಯಿತು.

ಸುತ್ತಲಿನ ಹಳ್ಳಿಗಳ ಬಡವರ ಗುಡಿಸಲುಗಳಿಗೆ ಹೋಗಿ ಕಾಯಿಲೆಯವರನ್ನು ವಿಚಾರಿಸುವುದು ಬಾಲ್ಯದಿಂದಲೇ ಆಕೆಗೆ ರೂಢಿಯಾಗಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ತನ್ನ ಬಾಳು ಸೇವೆಗೆ ಮೀಸಲಾಗಬೇಕೆಂಬುದು ದೈವದ ಕರೆ ಎಂದು ಆಕೆಗೆ ಅನ್ನಿಸಿತು. 1845ರಲ್ಲಿ ಹತ್ತಿರದ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಯನ್ನು ಕಲಿಯುವೆನೆಂದು ತಿಳಿಸಿದಾಗ ಮನೆಯವರು ಬೆಚ್ಚಿದರು. ಆಗ ದಾದಿಯ ಕೆಲಸಕ್ಕೆ ಗೌರವವಿರಲಿಲ್ಲ, ತರಬೇತಿಯೂ ಇರಲಿಲ್ಲ. ಬೇರೆ ಗತಿಯಿಲ್ಲದವರು ಹಿಡಿಯುವ ಕಸುಬು ಅದೆಂದು ಜನರು ತಿಳಿದಿದ್ದರು. ತಾಯಿ ಅತ್ತಳು; ಅಕ್ಕ ಕೋಪಿಸಿಕೊಂಡಳು. ಫ್ಲಾರೆನ್ಸ್ ತನ್ನ ಸಂಕಲ್ಪವನ್ನು ಬಿಡಲಿಲ್ಲ. ಬೆಳಗಾಗುವ ಮುನ್ನವೇ ಎದ್ದು ಆಸ್ಪತ್ರೆಗಳ ಸರಕಾರೀ ವರದಿಗಳನ್ನು ಗುಟ್ಟಾಗಿ ಓದಿ ಟಿಪ್ಪಣಿ ಬರೆದುಕೊಂಡಳು. ಯೋಗ್ಯನಾದ ವರನೊಬ್ಬನು ವಿವಾಹವಾಗಲು ಮುಂದೆ ಬಂದಾಗಲೂ ಒಪ್ಪಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿದ್ದ ಸೇವಾಸಂಸ್ಥೆಯಲ್ಲಿ ಮೂರು ತಿಂಗಳು ತರಬೇತಿ ಪಡೆದಳು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಆಗ ಆಕೆಗೆ ಮೂವತ್ತಮೂರು ವರ್ಷ.

ಮರುವರ್ಷವೇ ಇಂಗ್ಲೆಂಡು, ಫ್ರಾನ್ಸ್ ಮತ್ತು ತುರ್ಕಿ ದೇಶಗಳು ಒಂದಾಗಿ ರಷ್ಯದೊಡನೆ ಕ್ರಿಮಿಯಾದಲ್ಲಿ ಯುದ್ಧ ಹೂಡಿದವು. ಗಾಯಗೊಂಡ ಸೈನಿಕರ ಆರೈಕೆಗೆ ದಿಕ್ಕಿಲ್ಲವೆಂಬ ಸುದ್ದಿಯನ್ನು ಪತ್ರಿಕೆಗಳು ಪ್ರಕಟಿಸಿದಾಗ ಇಂಗ್ಲೆಂಡಿನ ಜನರು ಕೆರಳಿದರು. ಮಂತ್ರಿಯಾಗಿದ್ದ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ ನೈಟಿಂಗೇಲ್ 38 ಮಂದಿ ದಾದಿಯರೊಡನೆ ಹೊರಟು 1854ರ ನವೆಂಬರ್ 4ರಂದು ತುರ್ಕಿಯ ಸ್ಕುಟಾರಿಯನ್ನು ಮುಟ್ಟಿದಳು. ಅಲ್ಲಿ ಬೃಹತ್ತಾದ ಸೈನಿಕ ವಸತಿಯೊಂದನ್ನು ಆಸ್ಪತ್ರೆಯನ್ನಾಗಿ ಮಾಡಿದ್ದರು. ಹಾಸಿಗೆಗಳಿಗೆ ಕೊರತೆ, ಬಟ್ಟೆಗಳಿಗೆ ಕೊರತೆ, ಒಗೆಯುವವರಿಲ್ಲ, ಅಡುಗೆ ಸರಿಯಿಲ್ಲ. ಆಕೆ ಅಡುಗೆಮನೆಯನ್ನು ಸುಧಾರಿಸಿದಳು, ಬಟ್ಟೆ ಒಗೆಯುವ ಏರ್ಪಾಡು ಮಾಡಿದಳು, ನೆಲವನ್ನು ತಿಕ್ಕಿಸಿದಳು. ರಾತ್ರಿಯ ವೇಳೆ ದೀಪ ಹಿಡಿದು ಉದ್ದವಾದ ಸಾಲುಗಳ ನಡುವೆ ನಡೆದು ಪ್ರತಿಯೊಬ್ಬ ರೋಗಿಯನ್ನೂ ನೋಡಿಕೊಂಡಳು.

ಇಷ್ಟೆಲ್ಲ ಮಾಡಿದರೂ ಸಾವು ಕಡಿಮೆಯಾಗಲಿಲ್ಲ. ಚಳಿಗಾಲದಲ್ಲಿ ಅದು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಬಂದವರಲ್ಲಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಗಾಯದಿಂದ ಸತ್ತವರಲ್ಲ. ಭೇದಿ, ಕಾಲರಾ, ವಿಷಮಜ್ವರಗಳಿಗೆ ತುತ್ತಾದವರು. ಆ ವರ್ಷದ ಮಾರ್ಚಿಯಲ್ಲಿ ಸರಕಾರವು ಕಳುಹಿಸಿದ ನೈರ್ಮಲ್ಯ ಆಯೋಗವು ಬಂದು ನೋಡಿದಾಗ, ಕಟ್ಟಡದ ಅಡಿಯಲ್ಲಿದ್ದ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಅವುಗಳನ್ನು ತೊಳೆಯಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿ ಆಡುವಂತೆ ಮಾಡಿದರು, ನೀರನ್ನು ಶುದ್ಧಗೊಳಿಸಿದರು. ಕೆಲವೇ ತಿಂಗಳುಗಳಲ್ಲಿ ಸಾವಿನ ಪ್ರಮಾಣವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

1856ರಲ್ಲಿ ಊರಿಗೆ ಮರಳಿದ ನೈಟಿಂಗೇಲಳನ್ನು ಜನರು ದೇವತೆಯಂತೆ ಕಂಡರು. ಆಕೆ ಮಾತ್ರ ಮೆರವಣಿಗೆಗಳಿಂದ ದೂರ ಉಳಿದಳು. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಕುಳಿತು ಸತ್ತವರ ಲೆಕ್ಕವನ್ನು ತಿಂಗಳು ತಿಂಗಳಿಗೂ ಪರಿಶೀಲಿಸಿದಳು. ಆ ಅಂಕಿಗಳು ತೋರಿದ ಸತ್ಯವು ಕಹಿಯಾಗಿತ್ತು. ಮೈ ನೀವಿ, ಗಂಜಿ ಕುಡಿಸಿ, ಪ್ರೀತಿಯಿಂದ ನೋಡಿಕೊಂಡವರೂ ಸತ್ತಿದ್ದರು. ಏಕೆಂದರೆ ಅವರು ಮಲಗಿದ್ದ ಕಟ್ಟಡವೇ ರೋಗದ ಗೂಡಾಗಿತ್ತು. ತಾನು ಕೀರ್ತಿ ಪಡೆದ ಆಸ್ಪತ್ರೆಯೇ ಸಾವಿನ ಮನೆಯಾಗಿತ್ತೆಂಬುದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಆಕೆ ಆ ಲೆಕ್ಕವನ್ನು ಮುಚ್ಚಿಡಲಿಲ್ಲ. ಮಂತ್ರಿಗಳಿಗೂ ಸಾಮಾನ್ಯರಿಗೂ ಒಂದೇ ನೋಟಕ್ಕೆ ತಿಳಿಯುವಂತೆ ಬಣ್ಣದ ಚಿತ್ರಗಳ ಮೂಲಕ ಅದನ್ನು 1858ರಲ್ಲಿ ತೋರಿಸಿಕೊಟ್ಟಳು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆಯೇ. ರೋಗ ಬಂದ ಮೇಲೆ ಮಾಡುವ ಶುಶ್ರೂಷೆಯಷ್ಟೇ ಸಾಲದು, ರೋಗ ಬಾರದಂತೆ ತಡೆಯುವುದೂ ದಾದಿಯ ಧರ್ಮ ಎಂಬ ನಿಶ್ಚಯ ಆಕೆಯಲ್ಲಿ ಬೇರೂರಿತು.

1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನಿಧಿಯಿಂದ ದಾದಿಯರ ಶಾಲೆಯೊಂದು ತೆರೆಯಿತು. ಅದೇ ಸುಮಾರಿಗೆ ಲಿವರ್‌ಪೂಲ್ ನಗರದಲ್ಲಿ ವಿಲಿಯಂ ರಾತ್‌ಬೋನ್ ಎಂಬ ವರ್ತಕನು ಹೊಸ ಪ್ರಯೋಗಕ್ಕೆ ಕೈಹಾಕಿದ್ದನು. ತನ್ನ ಹೆಂಡತಿಯ ಕೊನೆಯ ದಿನಗಳಲ್ಲಿ ಆರೈಕೆ ಮಾಡಿದ ಮೇರಿ ರಾಬಿನ್ಸನ್ ಎಂಬ ದಾದಿಯನ್ನು ಅವನು 1859ರಲ್ಲಿ ಬಡವರ ಮನೆಗಳಿಗೆ ಕಳುಹಿಸಿದನು. ಆ ಮನೆಗಳ ದುಸ್ಥಿತಿಯನ್ನು ಕಂಡು ಆಕೆ ಎದೆಗುಂದಿ, ಈ ಕೆಲಸ ತನ್ನಿಂದಾಗದೆಂದು ಹಿಂದಿರುಗಿದಳು. ರಾತ್‌ಬೋನನು ಧೈರ್ಯ ಹೇಳಿ ಮತ್ತೆ ಕಳುಹಿಸಿದನು. ತಿಂಗಳುಗಳು ಕಳೆದಂತೆ, ಕೈಬಿಟ್ಟ ರೋಗಿಗಳು ಚೇತರಿಸಿಕೊಂಡುದನ್ನೂ ಮನೆಗಳು ಚೊಕ್ಕಟವಾದುದನ್ನೂ ನೋಡಿ ಆಕೆ ಆ ಕೆಲಸವನ್ನು ಬಿಡಲೊಪ್ಪಲಿಲ್ಲ. ಇಂಥ ದಾದಿಯರು ಇನ್ನಷ್ಟು ಮಂದಿ ಬೇಕೆಂದು ರಾತ್‌ಬೋನನು ನೈಟಿಂಗೇಲಳ ಸಲಹೆ ಕೇಳಿದನು. ಆಕೆಯ ಸಲಹೆಯಂತೆ ಲಿವರ್‌ಪೂಲಿನಲ್ಲಿಯೇ ತರಬೇತಿ ಶಾಲೆ ಸ್ಥಾಪನೆಯಾಯಿತು. ನಗರವನ್ನು 18 ವಿಭಾಗಗಳಾಗಿ ಹಂಚಿ ದಾದಿಯರನ್ನು ನೇಮಿಸಿದರು.

ಇಂಥ ದಾದಿಯ ಹೊಣೆಗಳೇನೆಂಬುದನ್ನು ನೈಟಿಂಗೇಲ್ ಸ್ಪಷ್ಟವಾಗಿ ನಿರೂಪಿಸಿದಳು. ಆಸ್ಪತ್ರೆಯಲ್ಲಿ ದಾದಿಗೆ ಬೇಕಾದ ಸಲಕರಣೆಗಳಿರುತ್ತವೆ; ಬಡವನ ಮನೆಯಲ್ಲಿ ಏನೂ ಇರುವುದಿಲ್ಲ. ಆದುದರಿಂದ ಮನೆಗೆ ಹೋಗುವ ದಾದಿಯು ಆಸ್ಪತ್ರೆಯ ದಾದಿಗಿಂತ ಹೆಚ್ಚಿನ ತರಬೇತಿ ಪಡೆದಿರಬೇಕು. ಆಕೆ ರೋಗಿಯ ಜೊತೆಗೆ ರೋಗಿಯ ಕೋಣೆಯನ್ನೂ ಸರಿಪಡಿಸಬೇಕು. ಕಿಟಕಿ ತೆರೆಯುವುದನ್ನೂ ನೆಲ ಶುಚಿಯಾಗಿಡುವುದನ್ನೂ ಮನೆಯವರಿಗೆ ತಾನೇ ಮಾಡಿ ತೋರಿಸಬೇಕು. ಚರಂಡಿ ಕೆಟ್ಟಿದ್ದರೆ, ನೀರು ಕೊಳೆತಿದ್ದರೆ, ಸಂಬಂಧಪಟ್ಟ ಆರೋಗ್ಯಾಧಿಕಾರಿಗೆ ತಿಳಿಸಬೇಕು. ದಾನ ಹಂಚುವವಳಾಗಿ ಮಾತ್ರ ಹೋಗಬಾರದು. ಮನೆಯವರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಕಲಿಸಬೇಕು. ಇಂದಿನ ಸಮುದಾಯ ಆರೋಗ್ಯ ದಾದಿಯರ ಕರ್ತವ್ಯಗಳ ಮೂಲವನ್ನು ನಾವು ಇಲ್ಲಿ ಕಾಣಬಹುದು.

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಕ್ರಿಮಿಯಾದಲ್ಲಿ ತಗಲಿದ ಜ್ವರದ ಬಳಿಕ ಆಕೆಯ ದೇಹ ಸೊರಗಿ, ಬಹುಕಾಲ ಹಾಸಿಗೆಯಲ್ಲಿಯೇ ಇರಬೇಕಾಯಿತು. ಆದರೂ ಸುಮಾರು ನಾಲ್ಕು ದಶಕಗಳ ಕಾಲ ಭಾರತದ ಚಿಂತೆ ಆಕೆಯನ್ನು ಬಿಡಲಿಲ್ಲ. ಇಲ್ಲಿನ ಸೈನ್ಯದ ಆರೋಗ್ಯವನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಆಕೆ ಪ್ರಶ್ನಾವಳಿಯನ್ನು ಸಿದ್ಧಪಡಿಸಿದಳು. ದಂಡಿನ ಊರುಗಳಿಂದ ಬಂದ ಉತ್ತರಗಳ ರಾಶಿಯನ್ನು ಓದಿದಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ತಿಳಿದುಬಂದಿತು. ಆ ಊರುಗಳಲ್ಲಿ ಬೆಂಗಳೂರೂ ಒಂದು. ಇಲ್ಲಿಯ ಹಲಸೂರು ಕೆರೆಯ ನೀರನ್ನು ಕುಡಿಯಲು ಬಳಸುತ್ತಿದ್ದರು. ಬಜಾರಿನ ಕೊಳಚೆಯೂ ಅದೇ ಕೆರೆಯನ್ನು ಸೇರುತ್ತಿತ್ತು. ಸಾವಿರಾರು ಮೈಲಿಗಳಾಚೆ ಹಾಸಿಗೆಯ ಮೇಲಿದ್ದ ಆಕೆ ಈ ಸಂಗತಿಯನ್ನು 1863ರ ತನ್ನ ವಿಮರ್ಶೆಯಲ್ಲಿ ಎತ್ತಿ ತೋರಿಸಿದಳು. ಸುಧಾರಣೆಗಳು ಆರಂಭವಾಗಿ ಹತ್ತು ವರ್ಷಗಳಲ್ಲಿ ಸೈನಿಕರ ಸಾವು ಸಾವಿರಕ್ಕೆ 18ಕ್ಕೆ ಇಳಿಯಿತು.

ಸೈನಿಕರಿಂದ ಆಕೆಯ ದೃಷ್ಟಿ ರೈತರ ಕಡೆಗೆ ಹೊರಳಿತು. 1876ರಿಂದ 1878ರವರೆಗೆ ಮದರಾಸು ಪ್ರಾಂತವನ್ನೂ ಮೈಸೂರು ಸೀಮೆಯನ್ನೂ ಕಾಡಿದ ಘೋರ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದಾಗ, ನೀರಾವರಿಯ ಅಗತ್ಯವನ್ನೂ ರೈತರ ಸಾಲದ ಸಂಕಟವನ್ನೂ ಕುರಿತು ಲೇಖನಗಳನ್ನು ಬರೆದಳು. ಹಸಿದವನಿಗೆ ಆರೋಗ್ಯದ ಉಪದೇಶ ಹೇಳುವುದು ವ್ಯರ್ಥವೆಂದು ಆಕೆ ಅರಿತಿದ್ದಳು. 1892ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಂಷೈರಿನಲ್ಲಿ ಹಳ್ಳಿಯ ಮನೆಗಳಿಗೆ ಹೋಗಿ ತಾಯಂದಿರಿಗೆ ಆರೋಗ್ಯದ ಪಾಠ ಹೇಳುವ ಮಹಿಳೆಯರಿಗೆ ತರಬೇತಿ ಕೊಡಿಸಿದಳು. ಭಾರತದ ಹಳ್ಳಿಗಳಲ್ಲಿಯೂ ಇಂಥ ಕೆಲಸ ನಡೆಯಬೇಕು, ಹಳ್ಳಿಯಿಂದ ವಸೂಲಾದ ತೆರಿಗೆಯ ಪಾಲು ಮೊದಲು ಹಳ್ಳಿಯ ನೈರ್ಮಲ್ಯಕ್ಕೇ ಸಲ್ಲಬೇಕು ಎಂದು ವಾದಿಸಿದಳು. ಆಗಿನ ಸರಕಾರವು ಹಣವಿಲ್ಲವೆಂಬ ನೆಪ ಹೇಳಿತು. ಆಕೆಯ ಈ ಬೇಡಿಕೆಯು ಆಕೆಯ ಜೀವಿತಕಾಲದಲ್ಲಿ ಈಡೇರಲಿಲ್ಲ.

ಆಕೆಯಲ್ಲಿಯೂ ಕೊರತೆಗಳಿದ್ದವು. ರೋಗಾಣುಗಳಿಂದ ರೋಗ ಹರಡುತ್ತದೆಂಬ ಹೊಸ ಸಿದ್ಧಾಂತವನ್ನು ಬಹುಕಾಲ ನಂಬಲಿಲ್ಲ. ಕೆಟ್ಟ ಗಾಳಿಯೇ ಕಾರಣವೆಂದು ಹಟ ಹಿಡಿದಳು. ಕಾಲಕ್ರಮದಲ್ಲಿ ಆ ನಿಲುವು ಸಡಿಲವಾಯಿತು. ಜೊತೆಗೆ ದುಡಿಯುವವರ ಮೇಲೆ ಕಠಿಣವಾಗಿಯೂ ವರ್ತಿಸುತ್ತಿದ್ದಳು. ಆದರೆ ತನಗಾಗಿ ಏನನ್ನೂ ಬಯಸಲಿಲ್ಲ. 1907ರಲ್ಲಿ ಬ್ರಿಟನ್ನಿನ ಅತ್ಯುನ್ನತ ಗೌರವಗಳಲ್ಲೊಂದಾದ ಆರ್ಡರ್ ಆಫ್ ಮೆರಿಟ್ ಆಕೆಗೆ ಸಂದಿತು. ಅದನ್ನು ಪಡೆದ ಮಹಿಳೆಯರಲ್ಲಿ ಆಕೆಯೇ ಮೊದಲಿಗಳು. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಆಕೆ ನಿಧನಳಾದಳು. ರಾಜಮಹಾರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿಗೆ ಸ್ಥಳ ದೊರೆತರೂ ಕುಟುಂಬದವರು ಅದನ್ನೊಪ್ಪದೆ, ಸರಳವಾಗಿರಬೇಕೆಂಬ ಆಕೆಯ ಇಚ್ಛೆಯಂತೆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಸಮಾಧಿ ಮಾಡಿದರು.

ಆಕೆ ಬದುಕಿದ್ದಾಗಲೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದು ಇಕ್ಕಟ್ಟಾದ ಪೇಟೆಗಳನ್ನು ಬರಿದುಮಾಡಿತು. ಗಾಳಿಬೆಳಕುಗಳಿಲ್ಲದ ಮನೆ ಎಂಥ ಅಪಾಯವೆಂಬುದನ್ನು ನಗರವು ಕಂಡು ಕಲಿಯಿತು. ಆಗ ಬೆಳೆದ ಬಡಾವಣೆಗಳಲ್ಲಿ ಯಶವಂತಪುರದ ನೆರೆಯ ಮಲ್ಲೇಶ್ವರವೂ ಒಂದು. 1930ರ ದಶಕದಲ್ಲಿ ಮೈಸೂರು ಸರಕಾರವು ಇಂದಿನ ರಾಮನಗರವಾದ ಕ್ಲೋಸ್‌ಪೇಟೆಯಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರವನ್ನು ತೆರೆಯಿತು. ಸ್ವಾತಂತ್ರ್ಯಾನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಉಪಕೇಂದ್ರಗಳೂ ದೇಶದಾದ್ಯಂತ ಹರಡಿದವು. ಮನೆಮನೆಗೂ ಹನಿ ಲಸಿಕೆ ತಲುಪಿಸಿದ ದಾದಿಯರ ಮತ್ತು ಕಾರ್ಯಕರ್ತೆಯರ ಶ್ರಮದಿಂದ 2014ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು.

ನೈಟಿಂಗೇಲಳ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಆ ದಿನ ಹೂಮಾಲೆ ಹಾಕುವುದು ಸುಲಭ. ಮನೆಬಾಗಿಲಿಗೆ ಬಂದ ನರ್ಸಮ್ಮನನ್ನು ಬಿಸಿಲಿನಲ್ಲಿ ನಿಲ್ಲಿಸದೆ ಒಳಗೆ ಕರೆದು, ಅವರು ಕೇಳಿದ್ದಕ್ಕೆ ನಿಜವನ್ನು ಹೇಳಿ, ಅವರು ತೋರಿಸಿದ ನೀರಿನ ತೊಟ್ಟಿಯನ್ನು ಅಂದೇ ತೊಳೆಯುವುದು ಅದಕ್ಕಿಂತ ದೊಡ್ಡ ಗೌರವ. ಆರೋಗ್ಯವನ್ನು ದಾದಿಯೊಬ್ಬಳೇ ಮನೆಗೆ ತರಲಾರಳು. ಮನೆಯವರು ಬಾಗಿಲು ತೆರೆಯಬೇಕು.