ಗೋದಾವರಿಗೆ ಕಟ್ಟೆ ಕಟ್ಟಿದ ಕಾಟನ್ ಸಾಹೇಬರು

ಗೋದಾವರಿಯ ಮುಖಜಭೂಮಿಯನ್ನು ಇಂದು ಬತ್ತದ ಕಣಜವೆನ್ನುತ್ತಾರೆ. ಹೈದರಾಬಾದಿನ ಹೋಟೆಲುಗಳಲ್ಲಿ ಅನ್ನ ಬಡಿಸುವ ನಮ್ಮ ಬಂಧುಗಳು ಈ ಮಾತನ್ನು ಕೇಳಿಯೇ ಇರುವರು. ಆದರೆ 1833ರ ಸುಮಾರಿನಲ್ಲಿ ಆ ಸೀಮೆಯ ಜನರು ಕ್ಷಾಮಕ್ಕೆ ತುತ್ತಾದರು. ನದಿಯ ನೀರಾದರೋ ವೃಥಾ ಸಮುದ್ರವನ್ನು ಸೇರುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದ ಆರ್ಥರ್ ಕಾಟನ್ನರು ಜನಿಸಿದ್ದು 1803ರಲ್ಲಿ. 1821ರಲ್ಲಿ ಅವರು ಇಂಜಿನಿಯರಾಗಿ ಮದರಾಸಿಗೆ ಬಂದರು. ಕಾವೇರಿಯಲ್ಲಿ ಅವರಿಗೆ ಗುರುವಾದುದು ಚೋಳರ ಕಲ್ಲಣೆ. ಆಳದ ಮರಳಿನ ಮೇಲೆ ಕಟ್ಟೆ ನಿಲ್ಲಿಸುವುದೆಂತು? ಪೂರ್ವಿಕರು ಮರಳಿಗೇ ಕಲ್ಲು ಸುರಿದು, ಅದು ಹೂತು ಗಟ್ಟಿಯಾದ ಮೇಲೆ ಮತ್ತೆ ಸುರಿದು, ಜೇಡಿಮಣ್ಣಿನಿಂದ ಬೆಸೆದಿದ್ದರು. ಆಳುವ ಜನಾಂಗದವನೊಬ್ಬನು ಆಳಲ್ಪಟ್ಟವರಿಂದ ಕಲಿತೆನೆಂದು ಒಪ್ಪಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆ ಪಾಠದ ಬಲದಿಂದಲೇ 1836ರಲ್ಲಿ ಕೊಳ್ಳಿಡಕ್ಕೆ ಅಣೆಕಟ್ಟಾಯಿತು. 1847ರಿಂದ 1852ರೊಳಗೆ ರಾಜಮಹೇಂದ್ರಿಯ ಬಳಿಯ ಧವಳೇಶ್ವರದಲ್ಲಿ, ಸುಮಾರು 4 ಮೈಲಿ ಅಗಲದ ಗೋದಾವರಿಗೂ ಆಯಿತು.

ಎಲ್ಲವೂ ಫಲಿಸಲಿಲ್ಲ. ನಮ್ಮ ತುಂಗಭದ್ರೆಯ ನೀರನ್ನು ಕರ್ನೂಲು, ಕಡಪೆಗಳಿಗೆ ಒಯ್ಯುವ ಕಾಲುವೆಗೂ ಅವರೇ ಪ್ರೇರಕರು. ಅದನ್ನು ತೋಡಿಸಿದ ಕಂಪೆನಿಯು ನಷ್ಟದಲ್ಲಿ ಮುಳುಗಿ, 1882ರಲ್ಲಿ ಕಾಲುವೆ ಸರ್ಕಾರದ ವಶವಾಯಿತು.

ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದ 1876-78ರ ಕ್ಷಾಮದಲ್ಲಿ ಮೈಸೂರು, ಮದರಾಸು ಪ್ರಾಂತಗಳಲ್ಲಿ ಲಕ್ಷಾಂತರ ಜನ ಮಡಿದರು. ರೈಲಿಗೆ ಸುರಿದ ಹಣವನ್ನು ಕಾಲುವೆಗಳಿಗೆ ಕೊಡಬೇಕಿತ್ತೆಂದು ವೃದ್ಧ ಕಾಟನ್ನರು ವಾದಿಸಿದರು. 1878ರಲ್ಲಿ ಪಾರ್ಲಿಮೆಂಟಿನ ಸಮಿತಿಯು ಅವರನ್ನು ಕಟುವಾಗಿ ಪ್ರಶ್ನಿಸಿತು. ಅವರ ಮಾತು ನಡೆಯಲಿಲ್ಲ. ಕೊನೆಗಾಲದಲ್ಲಿ ಅವರು ಇಂಗ್ಲೆಂಡಿನ ಡಾರ್ಕಿಂಗಿನಲ್ಲಿ ಆಳವಾಗಿ ಅಗೆದ ಮಣ್ಣಿನಲ್ಲಿ ಗೋಧಿ ಬೆಳೆದು ನೋಡುತ್ತಿದ್ದರು. 1899ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.